ತಾಮ್ರಕ್ಕೆ ಗಾಯವಾಗದ ಹಾಗೆ

ಕೋಲಾರದ ಸೀಮೆಗೆ ವಿದ್ಯುಚ್ಛಕ್ತಿಯು ಬಂದದ್ದು ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಉರಿಯುವುದಕ್ಕಿಂತ ಮೂರು ವರ್ಷ ಮುಂಚಿತವಾಗಿ ಎಂಬ ಸಂಗತಿಯನ್ನು ಆ ಜಿಲ್ಲೆಯವರು ಸ್ವಲ್ಪ ಅಭಿಮಾನದಿಂದಲೇ ಹೇಳಿಕೊಳ್ಳುವುದುಂಟು; ಆ ಅಭಿಮಾನವು ಅನುಚಿತವೇನೂ ಅಲ್ಲ. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಸಂಕಲ್ಪಗೊಂಡು, ಜೋಲಿ ಡಿ ಲಾಟ್‌ಬಿನಿಯರ್ ಎಂಬ ಸೇನಾ ಎಂಜಿನಿಯರರ ದಕ್ಷತೆಯಿಂದ ಕೈಗೂಡಿದ ಶಿವನಸಮುದ್ರದ ಯೋಜನೆಯು 1902ನೆಯ ಇಸವಿಯ ಜೂನ್ ತಿಂಗಳ ಕೊನೆಯಲ್ಲಿ ಫಲ ಕೊಟ್ಟಾಗ, ಕಾವೇರಿಯ ಜಲಪಾತದ ಬಲವು ಸುಮಾರು 92 ಮೈಲಿಗಳ ದಾರಿಯನ್ನು 35,000 ವೋಲ್ಟುಗಳ ಒತ್ತಡದಲ್ಲಿ ಕ್ರಮಿಸಿ ಚಿನ್ನದ ಗಣಿಗಳ ಯಂತ್ರಗಳನ್ನು ತಿರುಗಿಸಲಾರಂಭಿಸಿತು. ಆ ಕಾಲಕ್ಕೆ ಲೋಕದಲ್ಲಿದ್ದ ಅತಿ ದೀರ್ಘವಾದ ವಿದ್ಯುನ್ಮಾರ್ಗಗಳಲ್ಲಿ ಅದೂ ಒಂದು. ಮುಳಬಾಗಿಲಿನಲ್ಲಿ ಜನಿಸಿದ ಡಿ. ವಿ. ಗುಂಡಪ್ಪನವರಿಗೆ ಆಗ ಹದಿನೈದು ವರ್ಷ. ಮಾಲೂರು ತಾಲ್ಲೂಕಿನಲ್ಲಿ ಜನಿಸಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರಿಗೆ ಹನ್ನೊಂದು. ಅವರ ಊರಿನ ಮನೆಗಳಲ್ಲಿ ಇನ್ನೂ ಎಣ್ಣೆಯ ದೀಪವೇ ಉರಿಯುತ್ತಿದ್ದಿತು. ಶಕ್ತಿಯು ಗಣಿಗೆ ಮೊದಲು ಬಂದಿತು, ಮನೆಗೆ ಬಹುಕಾಲದ ಮೇಲೆ ಬಂದಿತು.

ಆ ಮಹಾಮಾರ್ಗದ ತಂತಿಗಳಿಗೆ ಹೊದಿಕೆಯೆಂಬುದು ಇರಲಿಲ್ಲ. ಪಿಂಗಾಣಿಯ ಆಧಾರಗಳ ಮೇಲೆ ಕುಳಿತು, ಸುತ್ತಣ ಗಾಳಿಯನ್ನೇ ಕವಚವಾಗಿ ಮಾಡಿಕೊಂಡು ಅವು ಬಯಲನ್ನು ದಾಟಿದವು. ಹೊದಿಕೆಯ ಪ್ರಶ್ನೆ ಹುಟ್ಟುವುದು ತಂತಿಯು ಮನುಷ್ಯನ ಕೈಗೆಟುಕುವಷ್ಟು ಕೆಳಗಿಳಿದು, ಗೋಡೆಯೊಳಗೂ ಸೂರಿನಡಿಯಲ್ಲಿಯೂ ಹಾಯತೊಡಗಿದ ಮೇಲೆ. ಆಗ ತಾಮ್ರದ ಮೇಲೆ ಒಂದು ಆವರಣ ಬೇಕು. ಎರಡು ತಂತಿಗಳು ಸೇರುವಲ್ಲಿ, ಅಥವಾ ತಂತಿಯು ಸ್ವಿಚ್ಚಿನ ತಿರುಪಿನಡಿಗೆ ಹೋಗುವಲ್ಲಿ, ಆ ಆವರಣವು ಬೇಡ. ಬೇಡವಾದಷ್ಟನ್ನು ಮಾತ್ರ ತೆಗೆದು ಬೇಕಾದುದನ್ನು ಉಳಿಸುವ ಕೆಲಸಕ್ಕಾಗಿ ನಿರ್ಮಿತವಾದ ಸಣ್ಣದೊಂದು ಇಕ್ಕಳವೇ ಈ ಲೇಖನದ ವಸ್ತು: ಅಂಗಡಿಯವರೂ ಕೆಲಸಗಾರರೂ ವೈರ್ ಸ್ಟ್ರಿಪ್ಪರ್ ಎಂದು ಕರೆಯುವ ಉಪಕರಣ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕು ಊರುಗಳ ಸುತ್ತ ವಿದ್ಯುತ್ತಿನ ಕೆಲಸಕ್ಕೆ ಬರವಿಲ್ಲ. ಹೊಸ ಬಡಾವಣೆಗಳ ಮನೆಗಳು, ಮಾಲೂರಿನ ಇಟ್ಟಿಗೆಯ ಮತ್ತು ಹೆಂಚಿನ ಕಾರ್ಖಾನೆಗಳು, ನರಸಾಪುರದ ಕೈಗಾರಿಕಾ ವಸಾಹತು, ಕೋಲಾರದ ಟೊಮೆಟೊ ಮಂಡಿ, ಶ್ರೀನಿವಾಸಪುರದ ಮಾವಿನ ತೋಪುಗಳು; ಎಲ್ಲಕ್ಕಿಂತ ಹೆಚ್ಚಾಗಿ, ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಈ ನಾಡಿನ ಬಾಯಾರಿಕೆಯನ್ನು ಹೊತ್ತಿರುವ ಕೊಳವೆ ಬಾವಿಗಳು. ವೈರಿಂಗ್ ಮೇಸ್ತ್ರಿ ಎಂದು ಜನ ಗೌರವದಿಂದ ಕರೆಯುವ ಕುಶಲಿಯು ಬೆಳಿಗ್ಗೆ ಕನ್ನಡದಲ್ಲಿಯೂ ಮಧ್ಯಾಹ್ನ ತೆಲುಗಿನಲ್ಲಿಯೂ ಮಾತನಾಡುತ್ತ ದಿನಕ್ಕೆ ಹಲವಾರು ಬಾರಿ ಮಾಡುವ ಕೆಲಸವೊಂದಿದ್ದರೆ ಅದು ತಂತಿಯ ತುದಿಯನ್ನು ಸುಲಿಯುವುದು. ಹೀಗಿದ್ದೂ ಆತನ ಚೀಲದಲ್ಲಿ ಟೆಸ್ಟರಿಗೂ ಕಟಿಂಗ್ ಪ್ಲೇಯರಿಗೂ ಸಲ್ಲುವ ಮರ್ಯಾದೆ ಸ್ಟ್ರಿಪ್ಪರಿಗೆ ಬಹಳ ಕಡೆ ಸಲ್ಲುವುದಿಲ್ಲ.

ಅದಿಲ್ಲದೆಯೂ ಕೆಲಸ ನಡೆಯುತ್ತದೆಂಬುದೇ ಇದಕ್ಕೆ ಕಾರಣ. ಹಲ್ಲಿನಿಂದ ಕಚ್ಚಿ ಎಳೆಯುವವರಿದ್ದಾರೆ. ಕಟಿಂಗ್ ಪ್ಲೇಯರಿನ ಅಲಗಿನಲ್ಲಿ ಹದವಾಗಿ ಅಮುಕಿ ಜಗ್ಗುವವರಿದ್ದಾರೆ. ಬೆಂಕಿಕಡ್ಡಿ ಗೀರಿ ಹೊದಿಕೆಯನ್ನು ಸುಟ್ಟು ಬೆರಳಿನಿಂದ ಉಜ್ಜಿ ತೆಗೆಯುವವರೂ ಇದ್ದಾರೆ. ಈ ಕೊನೆಯದು ಎಲ್ಲಕ್ಕಿಂತ ಕೆಟ್ಟದ್ದು. ಪಿ.ವಿ.ಸಿ. ಸುಟ್ಟಾಗ ಹೊರಡುವ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಇರುತ್ತದೆ. ತೇವ ತಗುಲಿದೊಡನೆ ಅದು ಆಮ್ಲವಾಗಿ ತಾಮ್ರವನ್ನು ತಿನ್ನುತ್ತದೆ, ಕೆಲಸಗಾರನ ಕೊರಳನ್ನೂ ಬಿಡುವುದಿಲ್ಲ. ಚಾಕುವಿನ ಮಾತು ಬೇರೆ. ರಬ್ಬರಿನ ಹೊದಿಕೆಯ ತಂತಿಗಳನ್ನು ತೇಗದ ಪಟ್ಟಿಯ ಮೇಲೆ ಸಾಲಾಗಿ ಹೊಡೆದು ಕೂರಿಸುತ್ತಿದ್ದ ಕಾಲದ ವೈರ್‌ಮನ್ನರು ಚಾಕುವನ್ನು ತಂತಿಗೆ ಅಡ್ಡಲಾಗಿ ಇಟ್ಟು ಸುತ್ತಲೂ ಕೊಯ್ಯುತ್ತಿರಲಿಲ್ಲ. ಪೆನ್ಸಿಲು ಹೆರೆಯುವಂತೆ ಓರೆಯಾಗಿ ಹಿಡಿದು ಹೊದಿಕೆಯನ್ನು ಚಕ್ಕೆಚಕ್ಕೆಯಾಗಿ ಕೆತ್ತುತ್ತಿದ್ದರು. ಅಡ್ಡ ಕೊಯ್ದರೆ ಅಲಗು ತಾಮ್ರದ ಸುತ್ತ ಒಂದು ಗೆರೆಯನ್ನು ಎಳೆದುಬಿಡುತ್ತದೆಂಬುದನ್ನು ಅವರು ಗುರುವಿನ ಬೈಗುಳದಿಂದಲೇ ಕಲಿತಿದ್ದರು.

ಆ ಗೆರೆಯೇ ಇಲ್ಲಿಯ ಮುಖ್ಯ ವಿಚಾರ. ಒಂಟಿ ಎಳೆಯ ಗಟ್ಟಿ ತಂತಿಯ ಮೇಲೆ ಉಗುರಿನ ಗೀರಿನಷ್ಟು ಗಾಯವಾದರೂ, ತಂತಿಯನ್ನು ಬಗ್ಗಿಸಿ ಪೆಟ್ಟಿಗೆಯೊಳಗೆ ತುರುಕುವಾಗ ಬಾಗಿನ ಒತ್ತಡವೆಲ್ಲವೂ ಆ ಗಾಯದ ಬಾಯಿಗೇ ಬಂದು ಸೇರುತ್ತದೆ. ಎರಡು ಮೂರು ಸಲ ಬಾಗಿದರೆ ತಂತಿಯು ಅಲ್ಲಿಯೇ ಮುರಿಯುತ್ತದೆ, ಅಥವಾ ಮುರಿಯದೆ ಮುರಿದಂತೆ ನಿಲ್ಲುತ್ತದೆ, ಮತ್ತು ಈ ಎರಡನೆಯದೇ ಹೆಚ್ಚು ಅಪಾಯಕರ. ಇಂದಿನ ಮನೆಗಳಲ್ಲಿ ಬಳಸುವುದು ಬಹುತೇಕ ಹಲವೆಳೆಯ ತಂತಿ. ಒಂದೂವರೆ ಸ್ಕ್ವೇರ್ ಎಂದು ಅಂಗಡಿಯಲ್ಲಿ ಕೇಳಿ ತರುವ ತಂತಿಯಲ್ಲಿ ಸಾಮಾನ್ಯವಾಗಿ 0.3 ಮಿ.ಮೀ. ದಪ್ಪದ 22 ಎಳೆಗಳೂ, ಎರಡೂವರೆ ಸ್ಕ್ವೇರಿನಲ್ಲಿ 36 ಎಳೆಗಳೂ ಇರುತ್ತವೆ. ಅಜಾಗರೂಕತೆಯಿಂದ ಸುಲಿದಾಗ 22ರಲ್ಲಿ ನಾಲ್ಕು ಎಳೆ ಉದುರಿದರೆ ತಿರುಪಿನಡಿಗೆ ಹೋಗುವ ತಾಮ್ರ ಐದರಲ್ಲಿ ಒಂದು ಪಾಲಿನಷ್ಟು ಕಡಮೆಯಾಯಿತು, ಹಿಡಿತ ಸಡಿಲವಾಯಿತು, ಸಡಿಲವಾದ ಕಡೆ ಬಿಸಿ ಏರಿತು, ಕೆಲವು ತಿಂಗಳ ಮೇಲೆ ಮನೆಯವರು ಸ್ವಿಚ್ಚು ಕಪ್ಪಗಾಯಿತೆಂದು ಸ್ವಿಚ್ಚಿನ ಕಂಪನಿಯನ್ನು ಬೈಯುತ್ತಾರೆ. ಕಂಪನಿಯ ತಪ್ಪು ಅದರಲ್ಲಿ ಎಷ್ಟೋ ಸಲ ಇರುವುದಿಲ್ಲ.

ಆದುದರಿಂದ ಸ್ಟ್ರಿಪ್ಪರನ್ನು ಕೊಳ್ಳುವವನು ಮೊದಲು ತಿಳಿದುಕೊಳ್ಳಬೇಕಾದದ್ದು ಸ್ಟ್ರಿಪ್ಪರನ್ನಲ್ಲ, ತಾನು ಸುಲಿಯಬೇಕಾದ ತಂತಿಯನ್ನು. ಹಳೆಯ ಮೇಸ್ತ್ರಿಗಳ ಬಾಯಲ್ಲಿ ಇಂದಿಗೂ ತ್ರೀ ಟ್ವೆಂಟಿಟೂ, ಸೆವೆನ್ ಟ್ವೆಂಟಿ ಎಂಬ ಲೆಕ್ಕಗಳು ಉಳಿದಿವೆ: ಮೊದಲನೆಯ ಸಂಖ್ಯೆ ಎಳೆಗಳದು, ಎರಡನೆಯದು ಪ್ರತಿ ಎಳೆಯ ಗೇಜು, ಆ ಗೇಜು ಬ್ರಿಟಿಷರ ಕಾಲದ್ದು. ಈಗಿನ ಸುರುಳಿಗಳ ಮೇಲೆ ಅಚ್ಚಾಗಿರುವುದು ಚದರ ಮಿಲಿಮೀಟರು; ಅಂಗಡಿಯ ಸ್ಕ್ವೇರ್ ಎಂದರೆ ಅದೇ. ಆನ್‌ಲೈನಿನಲ್ಲಿ ಅಗ್ಗಕ್ಕೆ ದೊರೆಯುವ ಅನೇಕ ಸ್ಟ್ರಿಪ್ಪರುಗಳ ರಂಧ್ರಗಳ ಪಕ್ಕದಲ್ಲಿ ಇರುವುದೋ ಅಮೆರಿಕದ ಗೇಜು. ಆ ಗೇಜಿನ 16 ಎಂದರೆ ಸುಮಾರು 1.3 ಚದರ ಮಿ.ಮೀ., 14 ಎಂದರೆ ಸುಮಾರು 2.1, 12 ಎಂದರೆ 3.3. ನಮ್ಮ ಒಂದೂವರೆಯು ಮೊದಲಿನೆರಡರ ನಡುವೆ ಬಿದ್ದಿತು, ಎರಡೂವರೆಯು ಕೊನೆಯೆರಡರ ನಡುವೆ. ಚಿಕ್ಕ ರಂಧ್ರದಲ್ಲಿ ಇಟ್ಟರೆ ಎಳೆ ಕತ್ತರಿಸುತ್ತದೆ, ದೊಡ್ಡದರಲ್ಲಿ ಇಟ್ಟರೆ ಹೊದಿಕೆ ಹರಿಯದೆ ಹಿಗ್ಗಿ ಬಾಲ ಬಿಡುತ್ತದೆ. ಮೇಲಾಗಿ, ಅಳತೆ ಒಂದೇ ಆದರೂ ಹಲವೆಳೆಯ ತಂತಿಯು ಎಳೆಗಳ ನಡುವಣ ಸಂದುಗಳಿಂದಾಗಿ ಗಟ್ಟಿ ತಂತಿಗಿಂತ ತುಸು ದಪ್ಪ. ಗಟ್ಟಿ ತಂತಿಗೆಂದು ಕೊರೆದ ರಂಧ್ರವು ಅದಕ್ಕೆ ಬಿಗಿಯಾಗುತ್ತದೆ. ಚದರ ಮಿಲಿಮೀಟರಿನ ಗುರುತುಳ್ಳದ್ದನ್ನೇ ಕೇಳಿ ಕೊಳ್ಳಬೇಕೆಂಬುದು ಈ ಒಂದು ಕಾರಣಕ್ಕಾಗಿ.

ಜಾತಿಗಳ ಮಾತಿಗೆ ಬಂದರೆ, ನಮ್ಮ ಪೇಟೆಯಲ್ಲಿ ಅತಿ ಸಾಮಾನ್ಯವಾದದ್ದು ನಾಸಿಕದ ತಪಾರಿಯಾದಂಥ ಕಂಪನಿಗಳು ಮಾಡುವ ಸರಳವಾದ ಇಕ್ಕಳ: ಎರಡು ಉಕ್ಕಿನ ತೋಳುಗಳು, ತುದಿಯಲ್ಲಿ ಎದುರುಬದುರಾದ ಎರಡು ಕಚ್ಚುಗಳು, ಬಾಯಿ ಎಷ್ಟು ಮುಚ್ಚಬೇಕೆಂಬುದನ್ನು ಗೊತ್ತುಮಾಡಲು ಒಂದು ತಿರುಪು. ಬೆಲೆ ಕೆಲವು ನೂರು ರೂಪಾಯಿ. ಒಂದೇ ಅಳತೆಯ ತಂತಿಯನ್ನು ಇಡೀ ದಿನ ಸುಲಿಯುವವನಿಗೆ ಆ ತಿರುಪು ವರದಾನವಾದರೂ, ದೀಪಕ್ಕೆ ಒಂದೂವರೆ, ಪವರ್ ಪ್ಲಗ್ಗಿಗೆ ಎರಡೂವರೆ, ಅರ್ಥಿಂಗಿಗೆ ಒಂದು ಎಂದು ಕ್ಷಣಕ್ಕೊಂದು ತಂತಿಯನ್ನು ಹಿಡಿಯುವ ಮೇಸ್ತ್ರಿಯು ಅದನ್ನು ಪ್ರತಿ ಸಲವೂ ತಿರುಗಿಸುತ್ತ ಕೂರಲಾರ. ಆತನು ತಿರುಪನ್ನು ಸಡಿಲವಾಗಿಯೇ ಬಿಟ್ಟು ಅಂಗೈಯ ಒತ್ತಡದಿಂದಲೇ ಹದವನ್ನು ಕಂಡುಕೊಳ್ಳುತ್ತಾನೆ. ಈ ಕೈಹದ ಬಂದವನಿಗೆ ಇದಕ್ಕಿಂತ ಒಳ್ಳೆಯ ಉಪಕರಣವಿಲ್ಲ. ಬಾರದವನಿಗೆ ಇದು ಕಟಿಂಗ್ ಪ್ಲೇಯರಿಗಿಂತ ಹೆಚ್ಚೇನೂ ಅಲ್ಲ.

ಎರಡನೆಯದು ಅಳತೆಗೊಂದರಂತೆ ರಂಧ್ರಗಳನ್ನು ಸಾಲಾಗಿ ಕೊರೆದದ್ದು. ಕಲಿಯುವ ಹುಡುಗನಿಗೆ ನಾನು ಕೊಡಿಸುವುದಾದರೆ ಇದನ್ನೇ. ಮೂರನೆಯದು ತಾನಾಗಿಯೇ ಹೊಂದಿಕೊಳ್ಳುವಂಥದು: ತಂತಿಯ ತುದಿಯನ್ನು ಬಾಯೊಳಗಿಟ್ಟು ಹಿಡಿಯನ್ನು ಒಮ್ಮೆ ಅಮುಕಿದರೆ ಒಂದು ದವಡೆಯು ತಂತಿಯನ್ನು ಹಿಡಿದುಕೊಳ್ಳುತ್ತದೆ, ಇನ್ನೊಂದು ಹೊದಿಕೆಯನ್ನು ಕೊಯ್ದು ಸರಿಸುತ್ತದೆ. ಪ್ಯಾನೆಲ್ ಬೋರ್ಡುಗಳನ್ನು ಕಟ್ಟುವ ಕಡೆ, ಮೇಜಿನ ಮೇಲೆ ನೂರಾರು ತುದಿಗಳನ್ನು ಒಂದೇ ಸಮ ಉದ್ದಕ್ಕೆ ಸುಲಿಯಬೇಕಾದಲ್ಲಿ, ಅದರ ಬೆಲೆ ಬೇಗನೆ ಹುಟ್ಟುತ್ತದೆ. ಆದರೆ ಗೋಡೆಯೊಳಗಿನ ಮೆಟಲ್ ಬಾಕ್ಸಿನಿಂದ ಎರಡಂಗುಲ ಮಾತ್ರ ಇಣುಕುತ್ತಿರುವ ಹಳೆಯ ತಂತಿಯ ಮುಂದೆ ಅದರ ದಪ್ಪ ತಲೆ ನಿರುಪಾಯ. ಅಲ್ಲಿ ಮೊದಲು ಹೇಳಿದ ಬಡ ಇಕ್ಕಳವೇ ಗತಿ.

ಅಂಗಡಿಯಲ್ಲಿ ನೋಡಬೇಕಾದುದು ಹೊಳಪನ್ನಲ್ಲ. ಬಾಯಿ ಮುಚ್ಚಿ ಬೆಳಕಿಗೆ ಹಿಡಿದಾಗ ಎರಡು ಕಚ್ಚುಗಳು ಒಂದಕ್ಕೊಂದು ನೇರವಾಗಿ ಕೂಡಬೇಕು. ಕೀಲಿನಲ್ಲಿ ಅತ್ತಿತ್ತ ಓಲಾಟವಿರಕೂಡದು. ಸ್ಪ್ರಿಂಗು ಕೈಯನ್ನು ದಣಿಸದೆ ಬಾಯಿ ತೆರೆಯಬೇಕು. ಜೇಬಿನಲ್ಲಿ ಒಂದು ಗೇಣು ತಂತಿಯನ್ನು ಕೊಂಡೊಯ್ದು ಅಲ್ಲಿಯೇ ಸುಲಿದು ನೋಡುವುದರಲ್ಲಿ ಸಂಕೋಚವೇನೂ ಬೇಡ. ಹೊದಿಕೆಯ ಅಂಚು ಹರುಕಿಲ್ಲದೆ ಸಮವಾಗಿದ್ದು, ಎಳೆಗಳನ್ನು ಬಿಡಿಸಿ ಎಣಿಸಿದಾಗ ಲೆಕ್ಕ ಪೂರ್ತಿಯಾಗಿದ್ದರೆ ಉಪಕರಣವೂ ಸರಿ, ಕೈಯೂ ಸರಿ. ಹಿಡಿಯ ಮೇಲಣ ಕೆಂಪು ಹಳದಿ ಪ್ಲಾಸ್ಟಿಕ್ಕನ್ನು ನೋಡಿ ಕರೆಂಟು ಹೊಡೆಯುವುದಿಲ್ಲವೆಂದು ನಂಬುವವರುಂಟು. ಅದು ಕೈಗೆ ಮೃದುವಾಗಿರಲೆಂದು ಹಾಕಿದ ಹೊದಿಕೆ ಮಾತ್ರ. ಜೋಡಿ ತ್ರಿಕೋಣದ ಗುರುತೂ 1000 ವೋಲ್ಟು ಎಂಬ ಬರಹವೂ ಇದ್ದರೆ ಅದರ ಮಾತು ಬೇರೆ, ಬೆಲೆಯೂ ಬೇರೆ. ಆಗಲೂ ಮೇನ್ ಆಫ್ ಮಾಡಿ ಟೆಸ್ಟರ್ ಇಟ್ಟು ನೋಡಿದ ಮೇಲೆಯೇ ಸುಲಿಯುವುದು.

ಇಷ್ಟೆಲ್ಲ ಹೇಳಿದ ಮೇಲೆ, ಈ ಜಿಲ್ಲೆಯ ಅತಿ ಕಠಿಣವಾದ ಸುಲಿತವು ಮನೆಯಲ್ಲಿಲ್ಲ, ತೋಟದಲ್ಲಿದೆ ಎಂಬುದನ್ನು ಹೇಳಬೇಕು. ಶ್ರೀನಿವಾಸಪುರದ ಕಡೆಯಾಗಲಿ ಮುಳಬಾಗಿಲಿನ ಕಡೆಯಾಗಲಿ ಸಾವಿರ ಅಡಿಯನ್ನು ದಾಟಿದ ಕೊಳವೆ ಬಾವಿಗಳು ಈಗ ಅಪರೂಪವಲ್ಲ. ಅಷ್ಟು ಆಳದಲ್ಲಿ ಮುಳುಗಿರುವ ಮೋಟಾರಿಗೆ ಮೇಲಿನಿಂದ ಹೋಗುವುದು ಮೂರು ಕೋರುಗಳ ಫ್ಲ್ಯಾಟ್ ಕೇಬಲ್; ಮೋಟಾರಿನ ತುಂಡು ಕೇಬಲ್ಲಿಗೂ ಈ ಉದ್ದ ಕೇಬಲ್ಲಿಗೂ ನಡುವೆ ಒಂದು ಜಾಯಿಂಟು. ಆ ಜಾಯಿಂಟಿನೊಳಕ್ಕೆ ನೀರು ಹೊಕ್ಕಿತೆಂದರೆ ಚೈನ್ ಪುಲ್ಲಿ ಕಟ್ಟಿ, ಪೈಪನ್ನೆಲ್ಲ ಒಂದೊಂದಾಗಿ ಬಿಚ್ಚುತ್ತ, ಮೋಟಾರನ್ನು ಮೇಲಕ್ಕೆತ್ತಬೇಕು. ರೈತನಿಗೆ ಆ ಒಂದು ದಿನದ ಕೂಲಿಯೂ ಹೋಯಿತು, ಒಣಗಿದ ಬೆಳೆಯೂ ಹೋಯಿತು. ಆದಕಾರಣ ಇಲ್ಲಿ ಬಲ್ಲವರು ಆತುರಪಡುವುದಿಲ್ಲ. ಹೊರಗಿನ ದಪ್ಪ ಕವಚವನ್ನು ಸ್ಟ್ರಿಪ್ಪರಿನಿಂದ ಮುಟ್ಟದೆ, ಚಾಕುವಿನಿಂದ ಎರಡು ಕೋರುಗಳ ನಡುವಣ ತಗ್ಗಿನಲ್ಲಿ ಉದ್ದಕ್ಕೆ ಸೀಳಿ, ಒಳಗಿನ ಹೊದಿಕೆಗೆ ಅಲಗು ತಾಗದಂತೆ ಬಿಡಿಸುತ್ತಾರೆ. ಮೂರು ಕೋರುಗಳನ್ನು ಒಂದೇ ಉದ್ದಕ್ಕೆ ಕತ್ತರಿಸದೆ ಹಂತಹಂತವಾಗಿ ಕತ್ತರಿಸುತ್ತಾರೆ. ಹಾಗೆ ಮಾಡಿದರೆ ಮೂರು ಗಂಟುಗಳೂ ಒಂದೆಡೆ ಕೂಡಿ ಉಬ್ಬುವುದಿಲ್ಲ, ಒಂದರ ತಾಮ್ರ ಇನ್ನೊಂದಕ್ಕೆ ಎದುರಾಗುವುದಿಲ್ಲ. ಬಳಿಕ ಕೋರಿನ ತುದಿಗಳನ್ನು ಸುಲಿಯುವುದು. ಆಳ ಹೆಚ್ಚಿದಷ್ಟೂ ಕೇಬಲ್ ದಪ್ಪವಾಗುವುದರಿಂದ ಮನೆಗೆಲಸದ ಸಣ್ಣ ಸ್ಟ್ರಿಪ್ಪರು ಆರು ಹತ್ತು ಸ್ಕ್ವೇರಿನ ಕೋರಿಗೆ ಸಾಮಾನ್ಯವಾಗಿ ಒದಗದು. ದೊಡ್ಡ ಬಾಯಿಯದು ಬೇಕು, ಇಲ್ಲವೆ ಮತ್ತೆ ಪೆನ್ಸಿಲಿನ ಓರೆಯ ಚಾಕುವೇ. ತಾಮ್ರವನ್ನು ಬೆಸೆದು, ರಬ್ಬರ್ ಟೇಪನ್ನು ಎಳೆದೆಳೆದು ಸುತ್ತಿ, ಮೇಲೆ ಪಿ.ವಿ.ಸಿ. ಟೇಪು ಸುತ್ತಿ, ಜಾಯಿಂಟನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿಟ್ಟು, ಹೊದಿಕೆಯ ನಿರೋಧವನ್ನು ಅಳೆಯುವ ಮೆಗ್ಗರ್ ಹಾಕಿ ನೋಡಿದ ಬಳಿಕವೇ ಮೋಟಾರು ಇಳಿಯುವುದು. ಸುಟ್ಟ ಮೋಟಾರುಗಳನ್ನು ಮತ್ತೆ ಸುತ್ತುವ ವೈಂಡಿಂಗ್ ಶಾಪಿನವರಿಗಾದರೋ ಸ್ಟ್ರಿಪ್ಪರಿನ ಹಂಗು ಕಡಮೆ: ಎನಾಮೆಲ್ ತಂತಿಯ ಮೇಲಿರುವುದು ಕವಚವಲ್ಲ, ವಾರ್ನಿಷಿನ ತೆಳುವಾದ ಲೇಪ, ಅದನ್ನು ಎಮರಿ ಕಾಗದದಿಂದ ಉಜ್ಜಿ ತೆಗೆಯುವುದೇ ರೂಢಿ.

ಕೊಂಡ ಉಪಕರಣವನ್ನು ಕಾಪಾಡಿಕೊಳ್ಳುವುದು ಕಷ್ಟವಲ್ಲ. ಕೀಲಿಗೆ ಆಗಾಗ ಒಂದು ತೊಟ್ಟು ಎಣ್ಣೆ ಬಿಟ್ಟರಾಯಿತು. ಅದರ ಆಯುಸ್ಸನ್ನು ಕಡಮೆ ಮಾಡುವುದು ಕಟ್ಟಡದ ಜಾಗದಲ್ಲಿ ಕಬ್ಬಿಣ ಕಟ್ಟುವವರು ಬಂದು, ಒಂದು ನಿಮಿಷ ಕೊಡಿ ಅಣ್ಣ ಎಂದು ಇಸಿದುಕೊಂಡು, ಬೈಂಡಿಂಗ್ ವೈರನ್ನು ಅದರಿಂದ ಕತ್ತರಿಸುವುದು. ತಾಮ್ರಕ್ಕೆಂದು ಹದಗೊಳಿಸಿದ ಅಲಗು ಉಕ್ಕಿನ ತಂತಿಯ ಮೇಲೆ ಒಮ್ಮೆ ಬಿದ್ದರೂ ಹಲ್ಲು ಹಲ್ಲಾಗುತ್ತದೆ, ಮರುದಿನದಿಂದ ಪ್ರತಿ ಸುಲಿತಕ್ಕೂ ಒಂದೆರಡು ಎಳೆಯನ್ನು ಸುಂಕವಾಗಿ ವಸೂಲು ಮಾಡುತ್ತದೆ. ಹಾಗೆ ಕೇಳಿದವರಿಗೆ ಚೀಲದಲ್ಲಿರುವ ಹಳೆಯ ಕಟಿಂಗ್ ಪ್ಲೇಯರನ್ನು ಕೊಟ್ಟು ಕಳುಹಿಸುವುದು ಮೇಲು.