ರೇಂಜ್‌ಫೈಂಡರ್ ಕ್ಯಾಮೆರಾಗೆ ಅಗ್ಗದ ಹಳೆಯ ಲೆನ್ಸ್: ಆರಿಸುವ ಮುನ್ನ ಅರಿಯಬೇಕಾದುದು

ರೇಂಜ್‌ಫೈಂಡರ್ ಕ್ಯಾಮೆರಾ ಕೊಳ್ಳುವುದು ಒಂದು ಖರ್ಚಾದರೆ, ಅದಕ್ಕೆ ಲೆನ್ಸ್ ಹೊಂದಿಸುವುದು ಅದಕ್ಕಿಂತಲೂ ಭಾರವಾದ ಖರ್ಚು. ಜರ್ಮನಿಯ ಲೈಕಾ ಸಂಸ್ಥೆಯ ಹೊಸ ಲೆನ್ಸ್‌ಗಳ ಬೆಲೆ ಲಕ್ಷ ರೂಪಾಯಿಗಳಲ್ಲಿದೆ. ಆದರೆ ಅದೇ ಕ್ಯಾಮೆರಾಗೆ ಹೊಂದುವ, ಅರ್ಧ ಶತಮಾನಕ್ಕೂ ಹಳೆಯದಾದ, ಇಂದಿಗೂ ಉತ್ತಮ ಚಿತ್ರ ನೀಡಬಲ್ಲ ಲೆನ್ಸ್‌ಗಳು ಅದರ ಒಂದು ಅಂಶದಷ್ಟು ಬೆಲೆಗೆ ದೊರೆಯುತ್ತವೆ. ಅವುಗಳನ್ನು ಗುರುತಿಸುವ ಬಗೆ ತಿಳಿದಿರಬೇಕು, ಅಷ್ಟೇ.

ಈ ಸಾಧ್ಯತೆಗೆ ಮೂಲ ಕಾರಣ ಒಂದು ತಿರುಪು. 1930ರ ದಶಕದಲ್ಲಿ ಲೈಕಾ ಕ್ಯಾಮೆರಾಗಳು 39 ಮಿಲಿಮೀಟರ್ ವ್ಯಾಸದ ತಿರುಪಿನ ಜೋಡಣೆಯನ್ನು ರೂಢಿಗೆ ತಂದವು. ರಷ್ಯಾ ಹಾಗೂ ಜಪಾನಿನ ತಯಾರಕರು ಇದನ್ನೇ ಅನುಸರಿಸಿದರು. 1954ರಲ್ಲಿ ಲೈಕಾ ಎಂ-3 ಹೊಸ ಜೋಡಣೆಯೊಂದಿಗೆ ಬಂದರೂ ಹಳೆಯ ಲೆನ್ಸ್‌ಗಳು ನಿರುಪಯುಕ್ತವಾಗಲಿಲ್ಲ. ಎರಡು ಜೋಡಣೆಗಳ ನಡುವಿನ ಅಂತರ ಸರಿಯಾಗಿ 1 ಮಿಲಿಮೀಟರ್. ಅಷ್ಟೇ ದಪ್ಪದ ಅಡಾಪ್ಟರ್ ಉಂಗುರ ತೊಡಿಸಿದರೆ ತಿರುಪಿನ ಲೆನ್ಸ್ ಎಂ ಸರಣಿಯ ಕ್ಯಾಮೆರಾಗೂ ಕೂಡಿಕೊಳ್ಳುತ್ತದೆ. ಉಂಗುರವನ್ನು ಲೆನ್ಸ್‌ನ ನಾಭಿದೂರಕ್ಕೆ ತಕ್ಕಂತೆ ಕೊಳ್ಳಬೇಕು. ಇಲ್ಲವಾದರೆ ವ್ಯೂಫೈಂಡರಿನಲ್ಲಿ ತಪ್ಪು ಚೌಕಟ್ಟು ಮೂಡುತ್ತದೆ.

ಅಗ್ಗದ ಲೆನ್ಸ್‌ಗಳಲ್ಲಿ ಮೊದಲ ಸ್ಥಾನ ಸೋವಿಯತ್ ಒಕ್ಕೂಟದ ತಯಾರಿಕೆಗಳಿಗೆ ಸಲ್ಲುತ್ತದೆ. ಎರಡನೆಯ ಮಹಾಯುದ್ಧದ ನಂತರ ಪರಿಹಾರದ ರೂಪದಲ್ಲಿ ಜರ್ಮನಿಯ ಝೈಸ್ ಸಂಸ್ಥೆಯ ಯಂತ್ರೋಪಕರಣ ಹಾಗೂ ವಿನ್ಯಾಸಗಳು ಸೋವಿಯತ್ ಒಕ್ಕೂಟಕ್ಕೆ ಸಾಗಿದವು. ಲುಡ್ವಿಗ್ ಬರ್ಟೆಲೆ ರೂಪಿಸಿದ್ದ ಸೊನಾರ್ ವಿನ್ಯಾಸವು ಅಲ್ಲಿ ಜುಪಿಟರ್-8 (50 ಮಿ.ಮೀ., ಎಫ್/2) ಮತ್ತು ಜುಪಿಟರ್-3 (50 ಮಿ.ಮೀ., ಎಫ್/1.5) ಎಂಬ ಹೆಸರು ತಳೆಯಿತು. ಬಯೋಗಾನ್ ಎಂಬ ಇನ್ನೊಂದು ವಿನ್ಯಾಸ ಜುಪಿಟರ್-12 (35 ಮಿ.ಮೀ., ಎಫ್/2.8) ಆಯಿತು. ಇವುಗಳ ಜೊತೆಗೆ ಇಂಡಸ್ಟಾರ್ ಸರಣಿಯ ಸರಳ ಲೆನ್ಸ್‌ಗಳೂ ಹೇರಳವಾಗಿವೆ. ಹೊಸದಾಗಿ ಆರಂಭಿಸುವವರಿಗೆ ಜುಪಿಟರ್-8 ಅಥವಾ ಇಂಡಸ್ಟಾರ್-61 ಸೂಕ್ತ ಆಯ್ಕೆ ಎನ್ನಬಹುದು. ಜುಪಿಟರ್-12ರ ಹಿಂಭಾಗದ ಗಾಜು ಕ್ಯಾಮೆರಾದ ಒಳಗೆ ಆಳವಾಗಿ ಚಾಚಿಕೊಳ್ಳುವುದರಿಂದ ಕೆಲವು ಕ್ಯಾಮೆರಾಗಳಿಗೆ ಅದು ಹೊಂದದು. ಮೊದಲೇ ವಿಚಾರಿಸಿಕೊಳ್ಳುವುದು ಒಳಿತು.

ಜಪಾನಿನ ಕ್ಯಾನನ್ ಹಾಗೂ ನಿಕಾನ್ ಲೆನ್ಸ್‌ಗಳ ಬೆಲೆ ತುಸು ಹೆಚ್ಚು, ಆದರೆ ನಿರ್ಮಾಣ ಗಟ್ಟಿಮುಟ್ಟು. 1950ರಲ್ಲಿ ಕೊರಿಯಾ ಯುದ್ಧವನ್ನು ಚಿತ್ರಿಸಿದ ಡೇವಿಡ್ ಡಗ್ಲಸ್ ಡಂಕನ್ ತಮ್ಮ ಲೈಕಾ ಕ್ಯಾಮೆರಾಗಳಿಗೆ ನಿಕಾನ್ ಲೆನ್ಸ್‌ಗಳನ್ನೇ ತೊಡಿಸಿದ್ದರು. ಪಾಶ್ಚಾತ್ಯರ ಗಮನ ಜಪಾನಿನತ್ತ ಹರಿದದ್ದು ಆಗಲೇ. ಕ್ಯಾನನ್ 50 ಮಿ.ಮೀ. ಎಫ್/1.8 ಮಿತವ್ಯಯಿಗಳ ಮೆಚ್ಚಿನದು. ಆದರೆ ಅದರ ಹಲವು ಪ್ರತಿಗಳಲ್ಲಿ ಒಳಗಾಜಿನ ಮೇಲೆ ಮಂಜಿನಂಥ ಪೊರೆ ಕಟ್ಟಿರುತ್ತದೆ. ಅದು ಗಾಜನ್ನೇ ಕೊರೆದಿದ್ದರೆ ಶುಚಿಗೊಳಿಸಿಯೂ ಫಲವಿಲ್ಲ.

ಇಲ್ಲಿ ಅತ್ಯಂತ ಮುಖ್ಯವಾದ ಎಚ್ಚರಿಕೆಯೊಂದಿದೆ. ಎಸ್‌ಎಲ್‌ಆರ್ ಕ್ಯಾಮೆರಾದಂತೆ ರೇಂಜ್‌ಫೈಂಡರಿನಲ್ಲಿ ನಾವು ಲೆನ್ಸ್ ಮೂಲಕ ನೋಡುವುದಿಲ್ಲ. ಲೆನ್ಸ್ ತಿರುಗಿದಾಗ ಅದರ ಹಿಂಬದಿಯ ಕೊಳವೆಯು ಕ್ಯಾಮೆರಾದ ಸನ್ನೆಯೊಂದನ್ನು ತಳ್ಳುತ್ತದೆ. ಆಗ ಕಿಂಡಿಯಲ್ಲಿ ಕಾಣುವ ಎರಡು ಬಿಂಬಗಳು ಒಂದಾಗುತ್ತವೆ. ಲೆನ್ಸ್ ಹಾಗೂ ಸನ್ನೆಯ ಲೆಕ್ಕಾಚಾರ ತಾಳೆಯಾಗದಿದ್ದರೆ ಕಿಂಡಿಯಲ್ಲಿ ಎಲ್ಲವೂ ಸರಿಯಾಗಿ ಕಂಡರೂ ಫಿಲ್ಮಿನಲ್ಲಿ ಮುಖ ಮಸುಕಾಗಿರುತ್ತದೆ. ತಪ್ಪು ತಿಳಿಯುವುದು ಫಿಲ್ಮ್ ಸಂಸ್ಕರಿಸಿದ ನಂತರವೇ. ಸೋವಿಯತ್ ಲೆನ್ಸ್‌ಗಳು ಮೂಲತಃ ಕಾಂಟಾಕ್ಸ್ ಕ್ಯಾಮೆರಾದ ಅಳತೆಯ ವಂಶಕ್ಕೆ ಸೇರಿದವಾದ್ದರಿಂದ ಲೈಕಾ ಕ್ಯಾಮೆರಾದಲ್ಲಿ ಈ ದೋಷ ಕಾಣಿಸಿಕೊಳ್ಳುವುದುಂಟು. ಹತ್ತಿರದ ವಸ್ತುವನ್ನು ಪೂರ್ಣ ತೆರೆದ ದ್ಯುತಿರಂಧ್ರದಲ್ಲಿ ತೆಗೆದಾಗ ಅದು ಎದ್ದು ಕಾಣುತ್ತದೆ, 85 ಮಿ.ಮೀ. ಜುಪಿಟರ್-9ರಂಥ ಉದ್ದ ಲೆನ್ಸ್‌ಗಳಲ್ಲಿ ಇನ್ನೂ ಹೆಚ್ಚು. ಎಫ್/5.6ಕ್ಕಿಂತ ಕಿರಿದಾಗಿಸಿ ದೂರದ ದೃಶ್ಯ ತೆಗೆಯುವವರಿಗೆ ಇದು ಅಷ್ಟಾಗಿ ಬಾಧಿಸದು.

ಆದುದರಿಂದ ಹಣ ಕೊಡುವ ಮುನ್ನ, ಇಲ್ಲವೇ ಹಿಂದಿರುಗಿಸುವ ಅವಧಿಯೊಳಗೆ ಪರೀಕ್ಷಿಸಬೇಕು. ಮೇಜಿನ ಮೇಲೆ ಅಳತೆಪಟ್ಟಿಯನ್ನು ಓರೆಯಾಗಿಟ್ಟು, ಒಂದು ಮೀಟರ್ ದೂರದಿಂದ, ಪೂರ್ಣ ತೆರೆದ ದ್ಯುತಿರಂಧ್ರದಲ್ಲಿ ನಿರ್ದಿಷ್ಟ ಅಂಕಿಯೊಂದರ ಮೇಲೆ ಫೋಕಸ್ ಮಾಡಿ ಚಿತ್ರ ತೆಗೆಯಿರಿ. ಸ್ಪಷ್ಟವಾಗಿ ಮೂಡಿದ ಅಂಕಿ ಬೇರೆಯಾಗಿದ್ದರೆ ಲೆನ್ಸ್‌ಗೆ ಹೊಂದಾಣಿಕೆ ಬೇಕು, ಅಥವಾ ಕ್ಯಾಮೆರಾದ ಸನ್ನೆಯೇ ತಪ್ಪಿದೆ. ಸರಿಯಿದೆಯೆಂದು ಗೊತ್ತಿರುವ ಇನ್ನೊಂದು ಲೆನ್ಸ್ ಹಾಕಿ ನೋಡಿದರೆ ದೋಷ ಯಾವುದರದೆಂದು ತಿಳಿಯುತ್ತದೆ.

ಬಳಿಕ ಲೆನ್ಸ್‌ನ ಒಂದು ಬದಿಯಿಂದ ಟಾರ್ಚ್ ಹಾಯಿಸಿ ಇನ್ನೊಂದು ಬದಿಯಿಂದ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು. ಅಂಥದ್ದನ್ನು ಬಿಟ್ಟುಬಿಡುವುದೇ ಲೇಸು. ಮುಂಗಾಜಿನ ಸಣ್ಣ ಗೀರುಗಳಿಗೆ ಹೆದರಬೇಕಿಲ್ಲ. ದ್ಯುತಿರಂಧ್ರದ ಎಲೆಗಳ ಮೇಲೆ ತುಸು ಎಣ್ಣೆ ಇದ್ದರೂ ಚಿಂತೆಯಿಲ್ಲ, ಏಕೆಂದರೆ ಅವನ್ನು ಕೈಯಿಂದಲೇ ಹೊಂದಿಸುತ್ತೇವೆ. ಫೋಕಸ್ ಉಂಗುರ ಬಿಗಿಯಾಗಿದ್ದರೆ ಗ್ರೀಸ್ ಬದಲಿಸುವ ಖರ್ಚನ್ನು ಬೆಲೆಗೆ ಸೇರಿಸಿಕೊಳ್ಳಿ.

ನಕಲಿಗಳ ಬಗ್ಗೆಯೂ ಎಚ್ಚರವಿರಲಿ. ಜುಪಿಟರ್ ಲೆನ್ಸ್‌ಗಳ ಮೇಲೆ ‘ಕಾರ್ಲ್ ಝೈಸ್ ಜೆನಾ’ ಎಂದು ಕೆತ್ತಿ ದುಬಾರಿ ಬೆಲೆಗೆ ಮಾರುವುದು ಹಳೆಯ ದಂಧೆ. ತಿರುಪಿನ ಜೋಡಣೆಯಿರುವ ‘ಝೈಸ್ ಸೊನಾರ್’ ಕಂಡರೆ ಮೊದಲು ಅನುಮಾನಿಸುವುದೇ ಜಾಣತನ.

ಕೊಂಡ ಮೇಲೆ ಕಾಪಾಡುವ ಹೊಣೆ ನಮ್ಮದು. ಕರಾವಳಿ ಹಾಗೂ ಮಲೆನಾಡಿನ ಮಳೆಗಾಲದ ತೇವ ಬೂಷ್ಟಿಗೆ ಹೇಳಿ ಮಾಡಿಸಿದ ವಾತಾವರಣ. ಚರ್ಮದ ಚೀಲದಲ್ಲಿ ಮುಚ್ಚಿಡದೆ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ. ಆಗಾಗ ಹೊರತೆಗೆದು ಬಳಸುತ್ತಿದ್ದರೆ ಲೆನ್ಸ್ ಇನ್ನೂ ಹಲವು ವರ್ಷ ಬಾಳಿಕೆ ಬರುತ್ತದೆ.