ಮನೆಯಲ್ಲಿ ಹಳೆಯ ಹಾಲಿವುಡ್: ನೋಡುವ ಬಗೆ, ಹೇಳುವ ಬಗೆ

ಸೇಲಂ ಮತ್ತು ಧರ್ಮಪುರಿ ಜಿಲ್ಲೆಗಳ ಕನ್ನಡ ಮನೆಗಳಲ್ಲಿ ಮೂರು ಭಾಷೆಗಳು ಒಂದೇ ಸೂರಿನ ಕೆಳಗೆ ಬಾಳುತ್ತವೆ. ಅಜ್ಜಿಯ ಮಾತು ಕನ್ನಡ, ಬೀದಿಯ ಮಾತು ತಮಿಳು, ಪಠ್ಯಪುಸ್ತಕದ ಮಾತು ಬಹುಮಟ್ಟಿಗೆ ಇಂಗ್ಲಿಷ್. ಇವುಗಳಲ್ಲಿ ಮೊದಲನೆಯದು ಅಡುಗೆಮನೆ, ಹಬ್ಬ, ಮದುವೆ ಮಾತುಕತೆಗಳಿಗೆ ಸೀಮಿತವಾಗುತ್ತ ಬಂದಿದೆ. ಭಾಷೆಗೆ ಹೊಸ ಕೆಲಸ ಕೊಡದಿದ್ದರೆ ಅದು ಹಳೆಯ ಕೆಲಸವನ್ನೂ ಮರೆಯುತ್ತದೆ. ಆ ಹೊಸ ಕೆಲಸಗಳಲ್ಲಿ ಒಂದನ್ನು ಇಲ್ಲಿ ಸೂಚಿಸಲಾಗಿದೆ: ಹಾಲಿವುಡ್ಡಿನ ಹಳೆಯ ಚಿತ್ರಗಳನ್ನು ಮನೆಮಂದಿಯೆಲ್ಲ ಕೂಡಿ ನೋಡುವುದು, ನೋಡಿದ್ದನ್ನು ಕನ್ನಡದಲ್ಲಿ ಹೇಳುವುದು. ಕನ್ನಡ ವಿಭಾಗದ ಪತ್ರಿಕೆಗೆ ಈ ವಿಷಯ ಹೊರಗಿನದೆಂದು ಕೆಲವರಿಗೆ ತೋರಬಹುದು. ಅದು ಹೇಗೆ ಒಳಗಿನದೆಂಬುದನ್ನು ಮೊದಲು ನೋಡೋಣ.

ಸೇಲಂಗೆ ಬಂದ ಹಾಲಿವುಡ್

ಸೇಲಂನಿಂದ ಏರ್ಕಾಡಿಗೆ ಹೋಗುವ ರಸ್ತೆಯಲ್ಲಿ ಹಳೆಯ ಕಮಾನೊಂದು ನಿಂತಿದೆ. ಅದು ಮಾಡರ್ನ್ ಥಿಯೇಟರ್ಸ್ ಸ್ಟುಡಿಯೋದ ಪ್ರವೇಶದ್ವಾರ. ತಿರುಚೆಂಗೋಡು ಮೂಲದ ಟಿ. ಆರ್. ಸುಂದರಂ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಜವಳಿ ತಂತ್ರಜ್ಞಾನ ಕಲಿತು ಬಂದವರು. 1930ರ ದಶಕದಲ್ಲಿ ಅವರು ಕಟ್ಟಿದ ಈ ಸಂಸ್ಥೆಯ ಮೊದಲ ಚಿತ್ರ ‘ಸತಿ ಅಹಲ್ಯಾ’ 1937ರಲ್ಲಿ ತೆರೆಕಂಡಿತು. ಮಲಯಾಳದ ಮೊದಲ ವಾಕ್ಚಿತ್ರ ‘ಬಾಲನ್’ (1938) ಇಲ್ಲಿಯೇ ತಯಾರಾಯಿತು. ತಮಿಳಿನ ಮೊದಲ ಪೂರ್ಣವರ್ಣ ಚಿತ್ರವೆನಿಸಿದ ‘ಅಲಿಬಾಬಾವುಂ 40 ತಿರುಡರ್ಗಳುಂ’ (1956) ಕೂಡ ಇದೇ ಸಂಸ್ಥೆಯದು.

ಈ ಸ್ಟುಡಿಯೋದ ಚಿತ್ರಗಳಲ್ಲಿ ಹಾಲಿವುಡ್ಡಿನ ನೆರಳು ಸ್ಪಷ್ಟವಾಗಿದೆ. 1951ರ ‘ಸರ್ವಾಧಿಕಾರಿ’ಗೆ ಅಮೆರಿಕದ ‘ದಿ ಗ್ಯಾಲಂಟ್ ಬ್ಲೇಡ್’ (1948) ಮೂಲವಾಯಿತು. 1950ರ ‘ಮಂತ್ರಿ ಕುಮಾರಿ’ಯದು ಇನ್ನೂ ಕುತೂಹಲದ ಸಂಗತಿ. ಅದರ ಕಥಾಬೀಜ ತಮಿಳಿನ ಪಂಚಮಹಾಕಾವ್ಯಗಳಲ್ಲೊಂದಾದ ‘ಕುಂಡಲಕೇಶಿ’, ಬರೆದವರು ಎಂ. ಕರುಣಾನಿಧಿ. ಸುಂದರಂ ಅವರೊಡನೆ ಅದನ್ನು ನಿರ್ದೇಶಿಸಿದವರು ಅಮೆರಿಕದ ಓಹಾಯೋ ರಾಜ್ಯದಲ್ಲಿ ಹುಟ್ಟಿದ ಎಲ್ಲಿಸ್ ಆರ್. ಡಂಗನ್. ಕ್ಯಾಲಿಫೋರ್ನಿಯಾದಲ್ಲಿ ಸಿನಿಮಾ ಓದಿದ ಡಂಗನ್, ಸಹಪಾಠಿ ಮಾಣಿಕ್ ಲಾಲ್ ಟಂಡನ್ ಅವರೊಡನೆ 1935ರಲ್ಲಿ ಭಾರತಕ್ಕೆ ಬಂದರು. ತಮಿಳು ಬಾರದೆಯೇ ‘ಸತಿ ಲೀಲಾವತಿ’ (1936), ‘ಶಕುಂತಲೈ’ (1940), ‘ಮೀರಾ’ (1945) ಚಿತ್ರಗಳನ್ನು ನಿರ್ದೇಶಿಸಿದರು. ಭಾಷೆ ತಿಳಿಯದವನು ಚಿತ್ರವನ್ನು ನಿರ್ದೇಶಿಸಬಲ್ಲನಾದರೆ, ಭಾಷೆ ಪೂರ್ತಿ ತಿಳಿಯದವರು ಚಿತ್ರವನ್ನು ಸವಿಯಲಾರರೇ? ಈ ಲೇಖನದ ಹಿಂದಿರುವ ಪ್ರಶ್ನೆ ಇದೇ.

1952ರಲ್ಲಿ ಹಾಲಿವುಡ್ ತಾನೇ ಸೇಲಂಗೆ ಬಂದಿತು. ವಿಲಿಯಂ ಬರ್ಕ್ ನಿರ್ದೇಶನದ ‘ದಿ ಜಂಗಲ್’ ಮಾಡರ್ನ್ ಥಿಯೇಟರ್ಸ್ ಪಾಲುಗೊಂಡ ಅಮೆರಿಕನ್-ಭಾರತೀಯ ಜಂಟಿ ನಿರ್ಮಾಣ. ರಾಡ್ ಕ್ಯಾಮರನ್, ಸೀಸರ್ ರೊಮೆರೊ, ಮೇರಿ ವಿಂಡ್ಸರ್ ಅದರ ತಾರೆಯರು. ಕಥೆಗೆ ಬೇಕಾದ ಆದಿಕಾಲದ ಮ್ಯಾಮತ್‌ಗಳಿಗಾಗಿ ನಮ್ಮ ಆನೆಗಳಿಗೆ ಉಣ್ಣೆಯ ಕೂದಲು ಹೊದಿಸಿದ್ದರು. ಉತ್ತಮ ಕಲಾಕೃತಿಯೆಂದು ಅದನ್ನು ಹೊಗಳಬೇಕಾಗಿಲ್ಲ. ಆದರೆ ಮನೆಯ ಮಕ್ಕಳಿಗೆ ತೋರಿಸಿ, ‘ಇದು ನಮ್ಮೂರಿನ ನಂಟುಳ್ಳ ಇಂಗ್ಲಿಷ್ ಚಿತ್ರ’ ಎಂದು ಹೇಳುವುದಕ್ಕೆ ಅದು ತಕ್ಕುದು.

ಕಾರಾಪುರದ ಸಾಬು

ಕನ್ನಡನಾಡಿನ ಕಡೆಯಿಂದ ಹೊರಟ ಹಾದಿಯೂ ಒಂದುಂಟು. ಮೈಸೂರು ಸೀಮೆಯ ಕಾರಾಪುರದಲ್ಲಿ 1924ರಲ್ಲಿ ಮಾವುತನ ಮಗನಾಗಿ ಹುಟ್ಟಿದ ಸಾಬು, ರಾಬರ್ಟ್ ಫ್ಲಾಹರ್ಟಿ ಮತ್ತು ಜೋಲ್ಟಾನ್ ಕೋರ್ಡಾ ಅವರ ‘ಎಲಿಫೆಂಟ್ ಬಾಯ್’ (1937) ಚಿತ್ರದ ನಾಯಕನಾದನು. ಅದು ಬ್ರಿಟಿಷ್ ಚಿತ್ರ. ಬಳಿಕ ಬಂದ ‘ದಿ ಥೀಫ್ ಆಫ್ ಬಾಗ್ದಾದ್’ (1940) ಇಂಗ್ಲೆಂಡಿನಲ್ಲಿ ಆರಂಭವಾಗಿ, ಯುದ್ಧದ ಕಾರಣ ಅಮೆರಿಕದಲ್ಲಿ ಮುಗಿಯಿತು. ‘ಜಂಗಲ್ ಬುಕ್’ (1942) ಹಾಲಿವುಡ್ಡಿನಲ್ಲೇ ತಯಾರಾಯಿತು. ಅಲ್ಲಿಗೆ ಹೋದ ಸಾಬು ಅಮೆರಿಕದ ಪ್ರಜೆಯಾಗಿ, ಯುದ್ಧವಿಮಾನದಲ್ಲಿ ಸೈನಿಕನಾಗಿ ದುಡಿದು, 1963ರಲ್ಲಿ ತನ್ನ 39ನೆಯ ವಯಸ್ಸಿನಲ್ಲಿ ತೀರಿಕೊಂಡನು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ‘ಜಂಗಲ್ ಬುಕ್’ನಿಂದ ತೊಡಗುವುದು ಒಳ್ಳೆಯದು. ಕಾಡು, ಹುಲಿ, ಹಾವು, ಆನೆ, ಎಲ್ಲವೂ ನಮಗೆ ಹೆಸರು ತಿಳಿದವೇ.

ಪರದೆಯ ಅಳತೆ

ಹಳೆಯ ಚಿತ್ರ ಇಂದಿನ ಟಿ.ವಿ.ಗಾಗಿ ತಯಾರಾದದ್ದಲ್ಲ. ಆದ್ದರಿಂದ ಕೆಲವು ಸಿದ್ಧತೆಗಳು ಅಗತ್ಯ. 1932ರಿಂದ ಹಾಲಿವುಡ್ಡಿನಲ್ಲಿ ನೆಲೆಗೊಂಡ ಚೌಕಟ್ಟಿನ ಅನುಪಾತ 1.37:1. ಎಂದರೆ, ಅಗಲವು ಎತ್ತರಕ್ಕಿಂತ ಮೂರನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಇಂದಿನ ಟಿ.ವಿ.ಯ ಅನುಪಾತ 16:9. ಹೀಗಾಗಿ ಹಳೆಯ ಚಿತ್ರವನ್ನು ಹಾಕಿದಾಗ ಎಡಬಲಗಳಲ್ಲಿ ಕಪ್ಪು ಪಟ್ಟಿಗಳು ಕಾಣುತ್ತವೆ. ಪರದೆ ತುಂಬಲೆಂದು ಚಿತ್ರವನ್ನು ಎಳೆದರೆ ಮುಖಗಳು ಸುಮಾರು ಶೇಕಡ 30ರಷ್ಟು ಅಗಲವಾಗುತ್ತವೆ, ತೆಳ್ಳಗಿನ ಚಾಪ್ಲಿನ್ ದಪ್ಪಗಾಗುತ್ತಾನೆ. ಹಿಗ್ಗಿಸಿದರೆ ಮೇಲೆ ಟೋಪಿಯೂ ಕೆಳಗೆ ಕಾಲೂ ಕತ್ತರಿಸಿಹೋಗುತ್ತವೆ. ಪಟ್ಟಿಗಳನ್ನು ಹಾಗೆಯೇ ಬಿಡುವುದೇ ಸರಿ. 1953ರಲ್ಲಿ ‘ದಿ ರೋಬ್’ ಚಿತ್ರದೊಡನೆ ಸಿನಿಮಾಸ್ಕೋಪ್ ಬಂದ ಬಳಿಕದ ಅಗಲ ಚಿತ್ರಗಳಲ್ಲಿ ಪಟ್ಟಿಗಳು ಮೇಲೆ ಕೆಳಗೆ ಇರುತ್ತವೆ. ಅವೂ ದೋಷವಲ್ಲ.

ಎರಡನೆಯದು ಚಲನೆ. ಹೊಸ ಟಿ.ವಿ.ಗಳಲ್ಲಿ ಚಲನೆಯನ್ನು ನುಣುಪುಗೊಳಿಸುವ ‘ಮೋಷನ್ ಸ್ಮೂದಿಂಗ್’ ಎಂಬ ಏರ್ಪಾಡು ಇರುತ್ತದೆ. ಸೆಕೆಂಡಿಗೆ 24 ಚೌಕಟ್ಟುಗಳಂತೆ ತೆಗೆದ ಚಿತ್ರಕ್ಕೆ ಯಂತ್ರವು ತಾನೇ ನಡುವಿನ ಚೌಕಟ್ಟುಗಳನ್ನು ಊಹಿಸಿ ಸೇರಿಸುತ್ತದೆ. ಪರಿಣಾಮವಾಗಿ ಸಿನಿಮಾ ಧಾರಾವಾಹಿಯಂತೆ ಕಾಣುತ್ತದೆ. ಅದನ್ನು ಸೆಟ್ಟಿಂಗಿನಲ್ಲಿ ಆರಿಸಿಡಬೇಕು. ಮೂಕಿ ಚಿತ್ರಗಳನ್ನು ಹಲವೊಮ್ಮೆ ಇನ್ನೂ ಕಡಿಮೆ ವೇಗದಲ್ಲಿ, ಕೈಯಿಂದ ತಿರುವುವ ಕ್ಯಾಮೆರಾದಲ್ಲಿ ತೆಗೆಯುತ್ತಿದ್ದರು. ಅವುಗಳಲ್ಲಿ ಜನರು ಓಡಿದಂತೆ ನಡೆಯುತ್ತಿದ್ದರೆ, ಅದು ಅನೇಕ ವೇಳೆ ಪ್ರತಿ ತೆಗೆದವರು ವೇಗವನ್ನು ಹೊಂದಿಸದ ಫಲ. ಎಚ್ಚರಿಕೆಯಿಂದ ಸರಿಪಡಿಸಿದ ಪ್ರತಿಯನ್ನು ಆರಿಸಿಕೊಂಡರೆ ಆ ತೊಂದರೆ ಇಲ್ಲ.

ಮೂಕಿ ಚಿತ್ರಕ್ಕೆ ಬಾಯಿ ಕೊಡುವವರು

ಕನ್ನಡ ಮನೆಗೆ ಹೆಚ್ಚು ಹೊಂದುವವು ಮೂಕಿ ಚಿತ್ರಗಳೇ. ಕಾರಣ ಸರಳ: ಅವುಗಳಲ್ಲಿ ಇಂಗ್ಲಿಷ್ ಮಾತಿಲ್ಲ, ಕೆಲವು ಬರಹದ ಫಲಕಗಳು ಮಾತ್ರ ಇವೆ. ದಕ್ಷಿಣ ಭಾರತದಲ್ಲಿ ಸಿನಿಮಾ ಹರಡಿದ್ದೇ ಹೀಗೆ. ತಿರುಚ್ಚಿಯಲ್ಲಿ ರೈಲ್ವೆ ಗುಮಾಸ್ತರಾಗಿದ್ದ ಕೊಯಮತ್ತೂರಿನ ಸಾಮಿಕಣ್ಣು ವಿನ್ಸೆಂಟ್ 1905ರಲ್ಲಿ ಫ್ರೆಂಚರೊಬ್ಬರಿಂದ ಪ್ರೊಜೆಕ್ಟರನ್ನು ಕೊಂಡು ಊರೂರು ಸುತ್ತಿ ಚಿತ್ರ ತೋರಿಸಿದರು. ಮೂಕಿಯ ಕಾಲದ ಡೇರೆಗಳಲ್ಲಿ ಪರದೆಯ ಪಕ್ಕದಲ್ಲಿ ನಿಂತು ಕಥೆಯನ್ನು ಜನರ ಮಾತಿನಲ್ಲಿ ಹೇಳುವವನೊಬ್ಬನಿರುತ್ತಿದ್ದನು. ನಮ್ಮ ಹರಿಕಥೆ, ಗಮಕಗಳನ್ನು ಬಲ್ಲವರಿಗೆ ಆ ಕೆಲಸ ಹೊಸದೇನಲ್ಲ. ಮನೆಯಲ್ಲಿ ಆ ಸ್ಥಾನವನ್ನು ಸರದಿಯಂತೆ ಒಬ್ಬೊಬ್ಬರು ವಹಿಸಬೇಕು. ಫಲಕವನ್ನು ಮೊಮ್ಮಗಳು ಓದಿ ಕನ್ನಡದಲ್ಲಿ ಹೇಳಲಿ, ಅಜ್ಜಿ ಕೇಳಿ ತಿದ್ದಲಿ.

ಬಸ್ಟರ್ ಕೀಟನ್‌ನ ‘ದಿ ಜನರಲ್’ (1926) ಚಿತ್ರವನ್ನು ಉದಾಹರಣೆಗೆ ತೆಗೆದುಕೊಳ್ಳಿ. ಕದ್ದೊಯ್ದ ತನ್ನ ರೈಲು ಇಂಜಿನ್ನನ್ನು ಬೆನ್ನಟ್ಟುವ ಚಾಲಕನ ಕಥೆ. ಸುಡುತ್ತಿರುವ ಸೇತುವೆಯ ಮೇಲಿಂದ ಇಂಜಿನ್ ನದಿಗೆ ಬೀಳುವ ದೃಶ್ಯದಲ್ಲಿ ಬಿದ್ದದ್ದು ನಿಜವಾದ ಇಂಜಿನ್. ಈ ಚಿತ್ರದ ಒಂದೇ ನಿಮಿಷವನ್ನು ಕನ್ನಡದಲ್ಲಿ ಹೇಳಲು ಹೊರಟರೆ ಎಷ್ಟು ಕ್ರಿಯಾಪದಗಳು ಬೇಕಾಗುತ್ತವೆ ನೋಡಿ: ಓಡು, ಎಡವು, ಮುಗ್ಗರಿಸು, ನುಸುಳು, ಜಾರು, ಹತ್ತು, ನೇತಾಡು, ತಡವರಿಸು, ನುಣುಚಿಕೊಳ್ಳು, ಹೊಂಚುಹಾಕು. ಮನೆಯಲ್ಲಿ ಕನ್ನಡ ಮಾತನಾಡುವ ನಮ್ಮ ವಿದ್ಯಾರ್ಥಿಗಳು ನಾಮಪದಗಳಲ್ಲಿ ಹಿಂದುಳಿದವರಲ್ಲ. ಕೊರತೆ ಇರುವುದು ಇಂಥ ಸೂಕ್ಷ್ಮ ಕ್ರಿಯಾಪದಗಳಲ್ಲಿ. ಅವುಗಳ ಬದಲಿಗೆ ‘ಮಾಡು’ ಎಂಬ ಒಂದೇ ಪದವು ತಮಿಳು ಅಥವಾ ಇಂಗ್ಲಿಷ್ ಶಬ್ದದ ಹಿಂದೆ ನಿಂತು ಎಲ್ಲ ಹೊರೆಯನ್ನೂ ಹೊರುತ್ತಿದೆ.

ಚಾಪ್ಲಿನ್‌ನ ‘ಮಾಡರ್ನ್ ಟೈಮ್ಸ್’ (1936) ನೇಕಾರರ ಮನೆಗಳಿಗೆ ವಿಶೇಷವಾಗಿ ಸಲ್ಲುವ ಚಿತ್ರ. ಸೇಲಂ ಭಾಗದ ಕನ್ನಡ ದೇವಾಂಗ ಕುಟುಂಬಗಳಲ್ಲಿ ಮಗ್ಗದ ಮುಂದೆ ಆಯುಷ್ಯ ಕಳೆದ ಹಿರಿಯರಿದ್ದಾರೆ. ಯಂತ್ರದ ವೇಗಕ್ಕೆ ಮೈಯನ್ನು ಒಗ್ಗಿಸಬೇಕಾದ ಕಾರ್ಮಿಕನ ಕೈ, ಕೆಲಸ ನಿಂತ ಮೇಲೂ ತಿರುಗುತ್ತಲೇ ಇರುವುದನ್ನು ಕಂಡು ಅವರು ನಗುವ ನಗೆ ಬೇರೆಯೇ ಇರುತ್ತದೆ. ಆಗ ಲಾಳಿ, ಹಾಸು, ಹೊಕ್ಕು ಎಂಬ ಮಾತುಗಳು ತಾವಾಗಿ ಬರುತ್ತವೆ. ನಿಘಂಟಿನಲ್ಲಿ ಹುಡುಕಿದರೂ ಅವುಗಳ ಹಿಂದಿನ ಅನುಭವ ಸಿಗುವುದಿಲ್ಲ.

ಅಭಿಜ್ಞಾನ: ಒಂದು ದೃಶ್ಯದ ಓದು

ಚಿತ್ರವನ್ನು ನೋಡುವುದಷ್ಟೇ ಅಲ್ಲ, ಓದುವುದೂ ಸಾಧ್ಯ. ಚಾಪ್ಲಿನ್‌ನ ‘ಸಿಟಿ ಲೈಟ್ಸ್’ (1931) ಬಂದಾಗ ವಾಕ್ಚಿತ್ರ ಆರಂಭವಾಗಿ ನಾಲ್ಕು ವರ್ಷಗಳಾಗಿದ್ದವು. ಆದರೂ ಆತ ಅದನ್ನು ಸಂಗೀತವುಳ್ಳ ಮೂಕಿಯಾಗಿಯೇ ಉಳಿಸಿದನು. ಹೂಮಾರುವ ಕುರುಡು ಹುಡುಗಿ, ಕಾರಿನ ಬಾಗಿಲು ಮುಚ್ಚಿದ ಸದ್ದನ್ನು ಕೇಳಿ, ಎದುರಿಗಿರುವ ಅಲೆಮಾರಿಯನ್ನು ಸಿರಿವಂತನೆಂದು ತಿಳಿಯುತ್ತಾಳೆ. ಸದ್ದಿಲ್ಲದ ಚಿತ್ರದಲ್ಲಿ ಸದ್ದೊಂದು ಕಥೆಯ ತಿರುವಾಗುತ್ತದೆ. ಇದನ್ನು ಹೇಗೆ ತೋರಿಸಬೇಕೆಂದು ಚಾಪ್ಲಿನ್ ಆ ದೃಶ್ಯವನ್ನು ನೂರಾರು ಬಾರಿ ಚಿತ್ರೀಕರಿಸಿದನು. ಕೊನೆಯಲ್ಲಿ, ಅವನ ನೆರವಿನಿಂದಲೇ ದೃಷ್ಟಿ ಪಡೆದ ಆಕೆ ಸೆರೆಮನೆಯಿಂದ ಬಂದ ಹರಕುಬಟ್ಟೆಯವನನ್ನು ಕಂಡು ನಗುತ್ತಾಳೆ. ಕನಿಕರದಿಂದ ನಾಣ್ಯವೊಂದನ್ನು ಕೈಯಲ್ಲಿಡಹೋದಾಗ ಆ ಕೈಯ ಸ್ಪರ್ಶದಿಂದ ಅವನಾರೆಂದು ಅರಿಯುತ್ತಾಳೆ.

ಇದು ನಮಗೆ ‘ಶಾಕುಂತಲ’ವನ್ನು ನೆನಪಿಸದಿರದು. ದುಷ್ಯಂತನಿಗೆ ಕಣ್ಣಿದೆ, ಎದುರಿಗೆ ಶಕುಂತಲೆ ಇದ್ದಾಳೆ, ಆದರೂ ಗುರುತಿಲ್ಲ. ಗುರುತು ಮರಳುವುದು ಉಂಗುರದಿಂದ. ಇಲ್ಲಿಯೂ ಕಣ್ಣು ಗುರುತಿಸದು. ಆದರೆ ಗುರುತು ವಸ್ತುವಿನಲ್ಲಿಲ್ಲ, ಮುಟ್ಟಿದ ಕೈಯಲ್ಲಿದೆ. ಹಾಸ್ಯದ ನಟನ ಮುಖದ ಮೇಲೆ ಕರುಣ ಮೂಡುವ ಈ ಗಳಿಗೆಯಲ್ಲಿ ಯಾವ ರಸ ಅಂಗಿ, ಯಾವುದು ಅಂಗ? ರಸಸಿದ್ಧಾಂತವನ್ನು ಪರೀಕ್ಷೆಗಾಗಿ ಕಂಠಪಾಠ ಮಾಡುವ ವಿದ್ಯಾರ್ಥಿಗಳು ಈ ದೃಶ್ಯವನ್ನು ಮುಂದಿಟ್ಟುಕೊಂಡು ಚರ್ಚಿಸಿದರೆ ಸಿದ್ಧಾಂತವೇ ಜೀವ ತಳೆಯುತ್ತದೆ.

ಮಾತಿನ ಚಿತ್ರಗಳು

ಮೂಕಿಯಿಂದ ಮಾತಿಗೆ ಬರುವವರು ಸಿಡ್ನಿ ಲೂಮೆಟ್‌ನ ‘12 ಆಂಗ್ರಿ ಮೆನ್’ (1957) ನೋಡಬಹುದು. ಒಂದು ಕೋಣೆ, ಹನ್ನೆರಡು ಮಂದಿ ಜ್ಯೂರಿಗಳು, ಒಬ್ಬ ಹುಡುಗನ ಪ್ರಾಣ, 96 ನಿಮಿಷ. ಹಿಂದಿಯಲ್ಲಿ ‘ಏಕ್ ರುಕಾ ಹುವಾ ಫೈಸ್ಲಾ’ ಆಗಿ ಬಂದ ಕಥೆ ಇದೇ. ಇಂಗ್ಲಿಷ್ ಅಡಿಬರಹವನ್ನು ಹಾಕಿಕೊಂಡು ನೋಡಬೇಕು. ಹಳೆಯ ಹಾಲಿವುಡ್ಡಿನ ಮಾತು ವೇಗದ್ದು, ಕಿವಿಗೆ ತಪ್ಪಿದ್ದು ಕಣ್ಣಿಗೆ ಸಿಗುತ್ತದೆ. ಈ ಚಿತ್ರಗಳಲ್ಲಿ ಸಾಮಾನ್ಯವಾಗಿ ನಮ್ಮಂತೆ ಮಧ್ಯಂತರವಿಲ್ಲ. ಮನೆಯಲ್ಲಿ ಅರ್ಧಕ್ಕೆ ನಿಲ್ಲಿಸಿ, ಕಾಫಿ ಕುಡಿಯುತ್ತ, ಈವರೆಗಿನ ವಾದವನ್ನು ಒಬ್ಬರು ಕನ್ನಡದಲ್ಲಿ ಸಂಗ್ರಹಿಸಿ ಹೇಳಲಿ. ಹಿರಿಯರೂ ಆಗ ತಮ್ಮ ತೀರ್ಪು ಕೊಡುತ್ತಾರೆ.

ಮರಾಠಿ ಮತ್ತು ಕನ್ನಡ ಎರಡರಲ್ಲೂ ಶಾಲೆ ಕಲಿತ ನನಗೆ, ಒಂದು ನುಡಿಯಲ್ಲಿ ಕಂಡದ್ದನ್ನು ಇನ್ನೊಂದರಲ್ಲಿ ಹೇಳುವುದು ಬಾಲ್ಯದಿಂದ ಬಂದ ರೂಢಿ. ಹಾಗೆ ಹೇಳುವಾಗಲೇ ಎರಡೂ ನುಡಿಗಳ ಶಕ್ತಿ ತಿಳಿಯುತ್ತದೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ (1934) ಚಿತ್ರೀಕರಣಗೊಂಡದ್ದು ಮರಾಠಿಯ ಕೊಲ್ಲಾಪುರದಲ್ಲಿ. ಮರಾಠಿಯ ‘ಸಂಗೀತ ಶಾಕುಂತಲ’ವನ್ನು (1880) ಬರೆದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಗಡಿಯಲ್ಲಿರುವವರು ಅಂಚಿನಲ್ಲಿ ಉಳಿದವರೆಂದು ಭಾವಿಸಬೇಕಾಗಿಲ್ಲ. ಎರಡು ಕಡೆಯ ಸರಕನ್ನೂ ಬಲ್ಲವರು ಅವರೇ.

ದೊರೆಯುವ ಬಗೆ

ಭಾರತದ ಕಾಯಿದೆಯಂತೆ ಚಲನಚಿತ್ರದ ಕೃತಿಸ್ವಾಮ್ಯದ ಅವಧಿ, ಬಿಡುಗಡೆಯ ಮರುವರ್ಷದಿಂದ 60 ವರ್ಷ. ‘ದಿ ಜನರಲ್’ನಂಥ ಹಳೆಯ ಚಿತ್ರಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಹೊಸದಾಗಿ ಸೇರಿಸಿದ ಸಂಗೀತಕ್ಕೆ ಪ್ರತ್ಯೇಕ ಹಕ್ಕು ಇರಬಹುದು, ಆದ್ದರಿಂದ ಮನೆಯಾಚೆ ಪ್ರದರ್ಶಿಸುವ ಮೊದಲು ವಿಚಾರಿಸಿಕೊಳ್ಳಬೇಕು. ದೊಡ್ಡ ಟಿ.ವಿ. ಇಲ್ಲದ ಮನೆಯಲ್ಲಿ ಬಿಳಿಯ ಗೋಡೆ ಮತ್ತು ಸಣ್ಣ ಪ್ರೊಜೆಕ್ಟರ್ ಸಾಕು. ಮೊಬೈಲಿನಲ್ಲಿ ಒಬ್ಬೊಬ್ಬರೇ ನೋಡಿದರೆ ಚಿತ್ರ ಸಿಗುತ್ತದೆ, ಕೂಟ ಸಿಗುವುದಿಲ್ಲ.

ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಮುಂದಿನ ರಜೆಯಲ್ಲಿ ಮೇಲೆ ಹೇಳಿದ ಚಿತ್ರಗಳಲ್ಲೊಂದನ್ನು ಮನೆಯವರೊಡನೆ ನೋಡಿರಿ. ಹಿರಿಯರು ಬಳಸಿದ, ನೀವು ಅದುವರೆಗೆ ಕೇಳಿರದ ಹತ್ತು ಕನ್ನಡ ಪದಗಳನ್ನು, ಅವು ಬಂದ ಸಂದರ್ಭದೊಡನೆ ಬರೆದು ತನ್ನಿರಿ. ತಮಿಳು ಬೆರೆತಿದ್ದರೆ ಅಳಿಸಬೇಡಿರಿ, ಅದೂ ನಮ್ಮ ನೆಲದ ನುಡಿಯ ದಾಖಲೆಯೇ. ಹಾಗೆ ಒಟ್ಟುಗೂಡಿದ ಪದಗಳನ್ನು ವಿಭಾಗದಲ್ಲಿ ವಿಂಗಡಿಸಿ, ಇದೇ ಪತ್ರಿಕೆಯಲ್ಲಿ ಪಟ್ಟಿಯಾಗಿ ಪ್ರಕಟಿಸೋಣ.