ಸೆರೆಮನೆಯ ಮೂರನೆಯ ರಾತ್ರಿ

ಕುಡಿತಕ್ಕೆ ದಾಸನಾದವನು ಸೆರೆಮನೆ ಸೇರಿದಾಗ ಮನೆಯವರಿಗೆ ದುಃಖದ ನಡುವೆಯೂ ಒಂದು ಸಮಾಧಾನ ಉಂಟಾಗುತ್ತದೆ: 'ಹೇಗೋ ಕುಡಿತವಾದರೂ ಬಿಟ್ಟೀತು.' ಈ ಮಾತನ್ನು ನಾವು ಅನೇಕ ತಾಯಂದಿರ ಬಾಯಿಂದ ಕೇಳಿದ್ದೇವೆ. ಆದರೆ ಕುಡಿತವನ್ನು ಬಿಡುವುದು ಬೇರೆ, ಕುಡಿಯಲು ಸಿಗದಿರುವುದು ಬೇರೆ. ಈ ಭೇದವನ್ನು ಅರಿಯದಿದ್ದರೆ ಪ್ರಾಣಕ್ಕೇ ಅಪಾಯ.

ಅಹಿತವಾದ ಅಭ್ಯಾಸವನ್ನು ಭಾಗ ಭಾಗವಾಗಿ, ಕ್ರಮವಾಗಿ ತ್ಯಜಿಸಬೇಕೆಂದು ಚರಕ ಸಂಹಿತೆಯ ಸೂತ್ರಸ್ಥಾನ ವಿಧಿಸುತ್ತದೆ. ಸೆರೆಮನೆಯ ಬಾಗಿಲು ಅದಕ್ಕೆ ಅವಕಾಶ ಕೊಡುವುದಿಲ್ಲ. ಹಲವು ವರ್ಷ ನಿತ್ಯ ಕುಡಿದವನಿಗೆ ಮದ್ಯ ಹಠಾತ್ತನೆ ನಿಂತರೆ ಮೊದಲ ದಿನವೇ ಕೈನಡುಕ, ಬೆವರು, ನಿದ್ರಾನಾಶ; ಎರಡು ದಿನಗಳೊಳಗೆ ಕೆಲವರಿಗೆ ಅಪಸ್ಮಾರದಂತಹ ಸೆಳವು; ಎರಡು ಮೂರು ದಿನಗಳ ಬಳಿಕ ಕೆಲವರಿಗೆ ಸನ್ನಿ. ಇಲ್ಲದ ಹಾವು, ಹುಳುಗಳು ಕಾಣುತ್ತವೆ. ಸುತ್ತಲಿನವರು ಅದನ್ನು ನಾಟಕವೆಂದೋ ಗಾಳಿ ಸೋಕಿದೆಯೆಂದೋ ಭಾವಿಸುತ್ತಾರೆ. ಚಿಕಿತ್ಸೆ ದೊರೆತರೆ ಬಹುತೇಕರು ಬದುಕುತ್ತಾರೆ, ದೊರೆಯದಿದ್ದರೆ ಸಾವೂ ಸಂಭವಿಸಬಹುದು.

ಇದು ಅಪರೂಪದ ಸಮಸ್ಯೆಯಲ್ಲ. ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ 5,024 ಬಂದಿಗಳನ್ನು ಪರೀಕ್ಷಿಸಿ 2011ರಲ್ಲಿ ನಿಮ್ಹಾನ್ಸ್ ತಜ್ಞರು ಪ್ರಕಟಿಸಿದ ಅಧ್ಯಯನದಂತೆ, ನೂರಕ್ಕೆ ಸುಮಾರು 80 ಮಂದಿಯಲ್ಲಿ ಮಾನಸಿಕ ಕಾಯಿಲೆ ಅಥವಾ ಮಾದಕ ವಸ್ತುಗಳ ಸೇವನೆಯ ಸಮಸ್ಯೆ ಕಂಡುಬಂದಿತ್ತು. ಪ್ರತಿ ಸೆರೆಮನೆಗೂ ಒಬ್ಬ ಮನೋವೈದ್ಯರನ್ನು ಒದಗಿಸುವುದು ಸುಲಭವಲ್ಲ. ರೋಗಿಯನ್ನು ಆಸ್ಪತ್ರೆಗೆ ಒಯ್ಯಲು ಕಾವಲು ಸಿಬ್ಬಂದಿ, ವಾಹನ, ಅನುಮತಿ ಎಲ್ಲವೂ ಬೇಕು. ಮೂರನೆಯ ರಾತ್ರಿ ಅಷ್ಟು ಹೊತ್ತು ಕಾಯುವುದಿಲ್ಲ.

ಇಲ್ಲಿಯೇ ಟೆಲಿಮೆಡಿಸಿನ್ ಉಪಯೋಗಕ್ಕೆ ಬರುತ್ತದೆ. ದೂರದ ತಜ್ಞರು ವಿಡಿಯೊ ಮೂಲಕ ರೋಗಿಯೊಡನೆ ಮಾತನಾಡುತ್ತಾರೆ. ಸೆರೆಮನೆಯ ವೈದ್ಯರು ಪಕ್ಕದಲ್ಲಿದ್ದು ರಕ್ತದೊತ್ತಡ, ಜ್ವರ, ನಡುಕವನ್ನು ನೋಡಿ ತಿಳಿಸುತ್ತಾರೆ. ನಾಡಿಯನ್ನು ಪರದೆಯ ಮೇಲೆ ಹಿಡಿಯಲಾಗದು. ಆದ್ದರಿಂದ ಸ್ಥಳದ ವೈದ್ಯರ ಕೈ ಅತ್ಯಗತ್ಯ. 2020ರ ಮಾರ್ಚಿನ ಟೆಲಿಮೆಡಿಸಿನ್ ಮಾರ್ಗಸೂಚಿಯೂ ಮಾದಕ ಹಾಗೂ ಮನೋಪ್ರಭಾವಿ ಔಷಧಿಗಳನ್ನು ದೂರದಿಂದ ಬರೆದುಕೊಡುವುದನ್ನು ನಿಷೇಧಿಸಿದೆ. ಸೆರೆಮನೆಯ ವೈದ್ಯರಿಗೆ ಮಾನಸಿಕ ಆರೋಗ್ಯದ ಮೂಲ ಹಾಗೂ ತುರ್ತು ಚಿಕಿತ್ಸೆಯ ತರಬೇತಿ ನೀಡಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಹೇಳುತ್ತದೆ. ಜೊತೆಗೆ, ಬಂದಿಯು ನಿರ್ಭಯವಾಗಿ ನಿಜ ಹೇಳಬೇಕಾದರೆ ಕಾವಲಿನವರು ಮಾತು ಕೇಳಿಸದಷ್ಟು ದೂರದಲ್ಲಿರಬೇಕು.

ಬಿಡುಗಡೆಯ ದಿನವೂ ಅಪಾಯದ ದಿನವೇ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬಿಡುಗಡೆಯಾದ ಮೂವತ್ತು ಸಾವಿರಕ್ಕೂ ಹೆಚ್ಚು ಬಂದಿಗಳನ್ನು ಕುರಿತ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಹೊರಬಂದ ಮೊದಲ ಎರಡು ವಾರಗಳಲ್ಲಿ ಅವರ ಸಾವಿನ ಸಂಭವ ಇತರ ಜನರಿಗಿಂತ ಸುಮಾರು 12 ಪಟ್ಟು ಹೆಚ್ಚಾಗಿತ್ತು. ಮುಖ್ಯ ಕಾರಣ ಮಾದಕ ವಸ್ತುವಿನ ಅತಿಮಾತ್ರೆ. ಒಳಗಿದ್ದಾಗ ದೇಹದ ಸಹನಶಕ್ತಿ ತಗ್ಗಿರುತ್ತದೆ. ಹಳೆಯ ಪ್ರಮಾಣವೇ ವಿಷವಾಗುತ್ತದೆ. ಆದ್ದರಿಂದ ಒಳಗೆ ಪರಿಚಯವಾದ ತಜ್ಞರೇ ಹೊರಗೂ ವಿಡಿಯೊ ಮೂಲಕ ಚಿಕಿತ್ಸೆ ಮುಂದುವರಿಸುವುದು ಶ್ರೇಯಸ್ಕರ.

ಸದ್ಭಕ್ತರಲ್ಲಿ ನಮ್ಮ ವಿನಂತಿ ಇಷ್ಟು. ಮನೆಯವರು ಬಂಧನಕ್ಕೊಳಗಾದರೆ ನಾಚಿಕೆಯಿಂದ ಮುಚ್ಚಿಡಬೇಡಿ. ಏನು, ಎಷ್ಟು ಸೇವಿಸುತ್ತಿದ್ದರು, ಕೊನೆಯ ಸಲ ಯಾವಾಗ ಎಂಬುದನ್ನು ಅದೇ ದಿನ ಸೆರೆಮನೆಯ ವೈದ್ಯರಿಗೆ ತಿಳಿಸಿ. ಹಳೆಯ ಔಷಧ ಚೀಟಿಗಳನ್ನು ಕೊಡಿ. ಮರಳಿ ಬಂದವರಿಗೆ ಗುಟ್ಟಾಗಿ ಯಾವ ಚೂರ್ಣವನ್ನೂ ಬೆರೆಸಿ ಕೊಡಬೇಡಿ. ನಮ್ಮ ಆಸವ, ಅರಿಷ್ಟಗಳಲ್ಲಿಯೂ ಹುದುಗಿನಿಂದ ಹುಟ್ಟಿದ ಮದ್ಯಾಂಶವಿರುತ್ತದೆ. ಕುಡಿತ ಬಿಟ್ಟವರಿಗೆ ಅವು ಸಲ್ಲವು. ಸನ್ನಿ, ಸೆಳವಿನ ಸ್ಥಿತಿಗೆ ಆಸ್ಪತ್ರೆಯೇ ಗತಿ. ಆಯುರ್ವೇದದ ಪಥ್ಯ, ದಿನಚರಿ, ನಿದ್ರೆಯ ಉಪಚಾರಗಳು ಅದರ ನಂತರ. ಉಚಿತ ಸಲಹೆಗೆ ಟೆಲಿ-ಮಾನಸ್ ಸಹಾಯವಾಣಿ 14416 ಹಗಲಿರುಳೂ ಲಭ್ಯ, ಕನ್ನಡದಲ್ಲಿಯೇ ಮಾತನಾಡಬಹುದು.

ತಪ್ಪಿಗೆ ಶಿಕ್ಷೆಯನ್ನು ನ್ಯಾಯಾಲಯ ವಿಧಿಸುತ್ತದೆ. ರೋಗವು ಆ ಶಿಕ್ಷೆಯ ಭಾಗವಾಗಬಾರದು.